ಕಾಮರ್ಸ್‌ನವರಿಗೂ ಲ್ಯಾಬಿನ ಬಾಗಿಲು ತೆರೆಯಲಿ

"ಅಕೌಂಟೆನ್ಸಿ ಓದುವವರಿಗೆ ಸೋಲ್ಡರಿಂಗ್ ಐರನ್ ಯಾಕೆ?" ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬಾಗಿಲಲ್ಲಿ ನನಗೆ ಸಿಕ್ಕ ಪ್ರಶ್ನೆ ಇದು. ಅಂದು ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಪಾರ್ವತಿನಗರದ ನಮ್ಮ ಮನೆಯ ಮಾಳಿಗೆ ಮೇಲೆ ತಗಡಿನ ಶೆಡ್ ಇದೆ. ಅಮ್ಮಿ ಅಲ್ಲೇ ಕೂತು ಜೀನ್ಸ್ ಪ್ಯಾಂಟ್ ಹೊಲಿಯುತ್ತಾರೆ. ಬಳ್ಳಾರಿಯ ಬೇಸಿಗೆ ನಿಮಗೆ ಹೇಳಬೇಕಿಲ್ಲ. ಆದರೆ ಪತ್ರಿಕೆಯಲ್ಲಿ ಬರುವ ತಾಪಮಾನ ನೆರಳಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದದ್ದು. ತಗಡಿನ ಕೆಳಗೆ ಎಷ್ಟಿದೆ? ಅಳೆಯುತ್ತೇನೆ ಎಂದಾಗ ಅಮ್ಮಿ ನಕ್ಕರು: "ಸೆಕೆ ಅಂತ ಹೇಳಾಕೂ ಮಶೀನ್ ಬೇಕೇನು ಬೇಟಾ?"

ಡಿಪ್ಲೊಮಾ ಓದುವ ಭಾಯಿಜಾನ್ ಎಲ್‌ಎಂ35 ಸೆನ್ಸರ್ ಮತ್ತು ಆರ್ಡುಯಿನೊ ನ್ಯಾನೊ ಕೊಟ್ಟರು. ಸೆನ್ಸರಿಗೆ ಮೂರೇ ಕಾಲು: ಒಂದು 5 ವೋಲ್ಟ್‌ಗೆ, ಒಂದು ಗ್ರೌಂಡ್‌ಗೆ, ನಡುವಿನದು ಎ0 ಪಿನ್‌ಗೆ. ಒಂದು ಡಿಗ್ರಿಗೆ 10 ಮಿಲಿವೋಲ್ಟ್. ನ್ಯಾನೊ 5 ವೋಲ್ಟನ್ನು 1024 ಭಾಗ ಮಾಡಿ ಓದುತ್ತದೆ, ಅಂದರೆ ಸುಮಾರು ಅರ್ಧ ಡಿಗ್ರಿಯ ವ್ಯತ್ಯಾಸ ಸಿಗುತ್ತದೆ. ಇಷ್ಟು ಭಾಗಾಕಾರ ನಮಗೂ ಬರುತ್ತದೆ!

ಎಡವಿದ್ದು ಬೋರ್ಡಿನಲ್ಲಿ. ಉಚಿತವಾಗಿ ಸಿಗುವ ಕೀಕ್ಯಾಡ್‌ನಲ್ಲಿ ಗೆರೆ ಎಳೆದು, ತಾಮ್ರದ ಹಾಳೆಯನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ ಬೋರ್ಡ್ ಮಾಡಿದೆ (ನನ್ನ ದುಪಟ್ಟಾದ ಕಲೆ ಇನ್ನೂ ಹೋಗಿಲ್ಲ). ಜಾಗ ಉಳಿಸಲು ಸೆನ್ಸರನ್ನು 7805 ರೆಗ್ಯುಲೇಟರ್ ಪಕ್ಕದಲ್ಲೇ ಕೂರಿಸಿದ್ದೆ. ಗಾಜಿನ ಥರ್ಮಾಮೀಟರ್ 39 ಎಂದರೆ ನನ್ನ ಬೋರ್ಡ್ 43 ಎನ್ನುತ್ತಿತ್ತು. 12 ವೋಲ್ಟನ್ನು 5ಕ್ಕೆ ಇಳಿಸುವಾಗ ರೆಗ್ಯುಲೇಟರ್ ಮಿಕ್ಕಿದ್ದನ್ನು ಶಾಖವಾಗಿ ಬಿಡುತ್ತದೆ. ತಾಮ್ರದ ಗೆರೆ ಆ ಶಾಖವನ್ನೂ ಸೆನ್ಸರಿಗೆ ಒಯ್ದಿತ್ತು.

ಮಾಲೀಕರ ಮನೆಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಬಾರದು ಎಂದು ಅಕೌಂಟೆನ್ಸಿಯ ಮೊದಲ ಪಾಠಗಳಲ್ಲೇ ಓದಿದ್ದೆವು. ನನ್ನ ಬೋರ್ಡ್ ತನ್ನ ಜ್ವರವನ್ನೇ ಕೋಣೆಯ ಲೆಕ್ಕಕ್ಕೆ ಬರೆದಿತ್ತು. ಎರಡನೇ ಬೋರ್ಡಿನಲ್ಲಿ ಸೆನ್ಸರನ್ನು ದೂರದ ಅಂಚಿಗೆ ಒಯ್ದೆ, ಗೆರೆಗಳನ್ನು ತೆಳ್ಳಗೆ ಮಾಡಿದೆ, ನಡುವೆ ಗರಗಸದ ಬ್ಲೇಡಿನಿಂದ ಸೀಳು ಕೊಯ್ದೆ. ವ್ಯತ್ಯಾಸ ಒಂದು ಡಿಗ್ರಿಗೂ ಕಡಿಮೆಯಾಯಿತು.

ನನಗೆ ಭಾಯಿಜಾನ್ ಇದ್ದರು. ಇಲ್ಲದವರು ಏನು ಮಾಡಬೇಕು? ಲ್ಯಾಬ್ ಶನಿವಾರ ಮಧ್ಯಾಹ್ನ ಖಾಲಿಯೇ ಇರುತ್ತದೆ. ಆಗ ಒಂದು ಗಂಟೆ ಕಾಮರ್ಸ್, ಆರ್ಟ್ಸ್‌ನವರನ್ನೂ ಒಳಗೆ ಬಿಡಲಿ. ಸಾಮಾನು ಹಾಳಾದೀತು ಎಂಬ ಭಯವಿದ್ದರೆ ರಿಜಿಸ್ಟರ್ ಇಡೋಣ. ಸ್ಟಾಕ್ ಬರೆಯುವುದು ನಮ್ಮದೇ ಕೆಲಸ.

ಮೊನ್ನೆ ಮಧ್ಯಾಹ್ನ ಎರಡಕ್ಕೆ ಶೆಡ್ಡಿನಲ್ಲಿ 42. ಅಂಕಿ ತೋರಿಸಿದ ಮೇಲೆ ಅಬ್ಬಾ ತಗಡಿಗೆ ಸುಣ್ಣ ಬಳಿಸಲು ಒಪ್ಪಿದ್ದಾರೆ. ಬಳಿದ ನಂತರದ ಅಂಕಿ ಮುಂದಿನ ಸಂಚಿಕೆಗೆ ಕೊಡುತ್ತೇನೆ.