ಕಂಪನಿ ಕಟ್ಟಿದ ರೈತರೇ, ರುಜುವಿನ ಬೆಲೆ ತಿಳಿಯಿರಿ



ಬೆಳೆಗಾರರೇ ಒಂದುಗೂಡಿ ಕಂಪನಿ ಕಟ್ಟಿಕೊಳ್ಳಲು 2002ರಲ್ಲಿ ಕಂಪನಿ ಕಾಯಿದೆಗೆ ತಂದ ತಿದ್ದುಪಡಿ ದಾರಿ ಮಾಡಿಕೊಟ್ಟಿತು. ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ಸಮಿತಿಯ ಶಿಫಾರಸು ಇದಕ್ಕೆ ಆಧಾರ. 2020ರಲ್ಲಿ ದೇಶದಲ್ಲಿ ಹೊಸದಾಗಿ 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಕೇಂದ್ರ ಯೋಜನೆ ಬಂದ ಮೇಲೆ ನಮ್ಮ ಹೋಬಳಿ ಕೇಂದ್ರಗಳಲ್ಲೂ ಇಂತಹ ಕಂಪನಿಗಳ ಫಲಕಗಳು ಕಾಣತೊಡಗಿವೆ. ಸಂತೋಷದ ಸಂಗತಿ. ಆದರೆ ಫಲಕ ಬರೆಸುವಾಗ ಇದ್ದ ಉತ್ಸಾಹ ಕಾನೂನು ತಿಳಿಯುವುದರಲ್ಲಿ ಕಾಣುತ್ತಿಲ್ಲ. ಇದು ಹೀಗೇ ಮುಂದುವರಿದರೆ ನಷ್ಟ ಅನುಭವಿಸುವವರು ರೈತ ನಿರ್ದೇಶಕರೇ.

ಇದು ಸಂಘವಲ್ಲ, ಕಂಪನಿ

ಹಾಲಿನ ಸಂಘ, ಪತ್ತಿನ ಸಂಘಗಳು ನಮಗೆ ಹಳೆಯ ಪರಿಚಯ. ಅಲ್ಲಿ ಸಹಕಾರ ಇಲಾಖೆಯವರು ಬಂದು ವಿಚಾರಿಸುತ್ತಾರೆ. ಕಂಪನಿಯ ರೀತಿ ಬೇರೆ. ಬೆಂಗಳೂರಿನಲ್ಲಿರುವ ಕಂಪನಿ ನೋಂದಣಾಧಿಕಾರಿಯವರು ನಿಮ್ಮ ಊರಿಗೆ ಬಂದು ನೆನಪಿಸುವುದಿಲ್ಲ. ಗಡುವನ್ನು ನೀವೇ ನೆನಪಿಟ್ಟುಕೊಳ್ಳಬೇಕು.

ಮುಖ್ಯ ನಿಯಮಗಳು ಕಷ್ಟದವಲ್ಲ. ಕನಿಷ್ಠ 10 ಮಂದಿ ಬೆಳೆಗಾರರಿದ್ದರೆ ಕಂಪನಿ ಕಟ್ಟಬಹುದು. ನಿರ್ದೇಶಕರು 5ಕ್ಕೆ ಕಡಿಮೆ ಇರಬಾರದು. ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನೋಂದಣಿಯಾದ 90 ದಿನಗಳೊಳಗೆ ಮೊದಲ ಮಹಾಸಭೆ, ಅನಂತರ ಪ್ರತಿ ವರ್ಷವೂ ಮಹಾಸಭೆ ನಡೆಯಬೇಕು. ಸದಸ್ಯರಲ್ಲಿ ಕಾಲು ಭಾಗ ಹಾಜರಿರಬೇಕು. 400 ಸದಸ್ಯರಿದ್ದರೆ 100 ಮಂದಿ ಬರಲೇಬೇಕು.

ದಿನಕ್ಕೆ 100 ರೂಪಾಯಿ

ಹೆಚ್ಚಿನವರು ಎಡವುವುದು ಇಲ್ಲಿ. "ಈ ವರ್ಷ ವ್ಯಾಪಾರವೇ ಆಗಲಿಲ್ಲ, ಲೆಕ್ಕ ಏಕೆ ಕಳಿಸಬೇಕು?" ಎನ್ನುವುದು ತಪ್ಪು ತಿಳಿವಳಿಕೆ. ಒಂದು ಮೂಟೆ ಮಾರದಿದ್ದರೂ ಪರಿಶೋಧನೆಯಾದ ಲೆಕ್ಕಪತ್ರ ಮತ್ತು ವಾರ್ಷಿಕ ವಿವರಪಟ್ಟಿ ಎರಡನ್ನೂ ಸಲ್ಲಿಸಲೇಬೇಕು. ಮಹಾಸಭೆ ಮುಗಿದು 30 ದಿನ ತುಂಬುವ ಮುನ್ನ ಕಳಿಸಿಬಿಡುವುದು ಲೇಸು. ಗಡುವು ಮೀರಿದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಪೂರ್ತಿ ಒಂದು ವರ್ಷ ತಡವಾದರೆ 73,000 ರೂಪಾಯಿ! ಸಣ್ಣ ಕಂಪನಿಯ ಷೇರು ಹಣದಲ್ಲಿ ದೊಡ್ಡ ಪಾಲು ಇದಕ್ಕೇ ಕರಗಿಹೋದೀತು.

ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. ಬೇರೆ ಕಂಪನಿಯಲ್ಲೂ ಆ ಸ್ಥಾನ ಪಡೆಯುವಂತಿಲ್ಲ. ಇದು ಬರಿಯ ಬೆದರಿಕೆಯಲ್ಲ. 2017ರಲ್ಲಿ ಕೇಂದ್ರ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿತು. ಕಂಪನಿ ನಡೆಸಲಾಗದಿದ್ದರೆ ಮುಚ್ಚುವುದಕ್ಕೂ ಕಾನೂನಿನ ದಾರಿ ಇದೆ. ಕಚೇರಿಗೆ ಬೀಗ ಜಡಿದ ಮಾತ್ರಕ್ಕೆ ಕಂಪನಿ ಮುಚ್ಚಿದಂತಾಗುವುದಿಲ್ಲ.

ರುಜು ಹಾಕುವ ಮುನ್ನ

ಷೇರುದಾರರ ಹೊಣೆ ಅವರ ಷೇರು ಹಣಕ್ಕೆ ಸೀಮಿತ. ಕಂಪನಿ ಸಾಲ ತೀರಿಸದಿದ್ದರೆ ನಿಮ್ಮ ಹೊಲಕ್ಕೆ ಯಾರೂ ಕೈಹಾಕುವಂತಿಲ್ಲ. ಆದರೆ ನಿರ್ದೇಶಕರೊಬ್ಬರು ಬ್ಯಾಂಕಿಗೆ ಸ್ವಂತ ಜಾಮೀನು ಬರೆದುಕೊಟ್ಟರೆ ಈ ರಕ್ಷಣೆ ಅವರಿಗಿಲ್ಲ. ಆ ಪತ್ರವನ್ನು ಓದಿಸಿ, ಅರ್ಥಮಾಡಿಕೊಂಡು, ಮನೆಯವರಿಗೂ ತಿಳಿಸಿದ ಮೇಲೆಯೇ ಸಹಿ ಮಾಡಿ. ಡಿಜಿಟಲ್ ಸಹಿಯ ಸಾಧನವನ್ನು ಲೆಕ್ಕಿಗರ ಮೇಜಿನಲ್ಲಿ ಬಿಟ್ಟು ಬರುವ ರೂಢಿಯೂ ಒಳ್ಳೆಯದಲ್ಲ. ಅದು ಖಾಲಿ ಚೆಕ್ಕಿಗೆ ರುಜು ಹಾಕಿಕೊಟ್ಟಂತೆ.

ನಿರ್ದೇಶಕರಿಗಾಗಲಿ ಅವರ ಬಂಧುಗಳಿಗಾಗಲಿ ಕಂಪನಿಯಿಂದ ಸಾಲ ಕೊಡಬೇಕಾದರೆ ಸದಸ್ಯರ ಸಭೆಯ ಒಪ್ಪಿಗೆ ಕಡ್ಡಾಯ. ಬೇಲಿಯೇ ಎದ್ದು ಹೊಲ ಮೇಯದಿರಲೆಂದು ಕಾಯಿದೆ ಹಾಕಿದ ಕಟ್ಟು ಇದು.

ಆಗಬೇಕಾದ್ದೇನು?

ಈ ಯೋಜನೆಯಲ್ಲಿ ಒಂದು ಸಂಸ್ಥೆಯ ನಿರ್ವಹಣೆಗೆ ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ನೆರವಿದೆ. ಕಾರ್ಯನಿರ್ವಾಹಕರ, ಲೆಕ್ಕಿಗರ ಸಂಬಳ ಇದರಿಂದಲೇ. ನೆರವು ನಿಂತ ಮರುವರ್ಷ ಅವರು ಹೊರಟುಹೋದರೆ ಲೆಕ್ಕ ಬರೆಯುವವರು ಯಾರು? ಕಂಪನಿಗಳ ಸಂಖ್ಯೆ ಎಣಿಸುವ ನಮ್ಮ ಇಲಾಖೆಗಳು ನಿರ್ದೇಶಕರಿಗೆ ಕಾನೂನು ತರಬೇತಿ ಕೊಡುವುದನ್ನೂ ಅಷ್ಟೇ ಮುಖ್ಯವೆಂದು ಎಣಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕ ಸಲ್ಲಿಸಲಾಗದ ಹತ್ತು ಕಂಪನಿಗಳಿಗಿಂತ ಸರಿಯಾಗಿ ನಡೆಯುವ ಎರಡು ಮೇಲು.

ನಿಮ್ಮ ಕೆಲಸವೂ ಇದೆ. ಲೆಕ್ಕ ಬರೆಯಬಲ್ಲ ಊರಿನ ಒಬ್ಬ ಯುವಕ ಅಥವಾ ಯುವತಿಯನ್ನು ಈಗಿನಿಂದಲೇ ತಯಾರು ಮಾಡಿ. ಪರಿಶೋಧಕರ ಶುಲ್ಕವನ್ನು ಸುಗ್ಗಿಯಲ್ಲೇ ತೆಗೆದಿರಿಸಿ. ವರ್ಷದ ಲೆಕ್ಕಪತ್ರವನ್ನೂ, ಅದನ್ನು ಸಲ್ಲಿಸಿದ ರಸೀದಿಯನ್ನೂ ನಿಮ್ಮ ವಾಚನಾಲಯದ ಮೇಜಿನ ಮೇಲೆ ಇಡಿಸಿ. ಷೇರು ಕೊಂಡ ಪ್ರತಿಯೊಬ್ಬರೂ ಅದನ್ನು ನೋಡಲಿ, ಪ್ರಶ್ನೆ ಕೇಳಲಿ. ಕೇಳುವ ಸದಸ್ಯರಿದ್ದಲ್ಲಿ ಕಂಪನಿಗೂ ನಿರ್ದೇಶಕರಿಗೂ ಕ್ಷೇಮ.