ಕನ್ನಡ ಚಿತ್ರವೆಂದರೆ ಮೆಚ್ಚಲೇಬೇಕೆ?

ಕಳೆದ ಸಂಚಿಕೆಯಲ್ಲಿ ಒಂದು ಕನ್ನಡ ಚಿತ್ರದ ವಿಷಯವಾಗಿ ನಾವು ಬರೆದ ನಾಲ್ಕು ಕಟು ಸಾಲುಗಳು ಕೆಲವು ಸದಸ್ಯ ಬಂಧುಗಳ ಮನಸ್ಸಿಗೆ ನೋವು ತಂದಿವೆಯೆಂದು ತಿಳಿಯಿತು. ಹೊರನಾಡಿನಲ್ಲಿರುವ ಕನ್ನಡಿಗರು ಕನ್ನಡ ಚಿತ್ರವನ್ನು ತೆಗಳಬಾರದು, ತೆಗಳಿದರೆ ಈ ಮುಂಬಯಿಯಲ್ಲಿ ಪರರ ಮುಂದೆ ನಮ್ಮ ಮಾನ ಹರಾಜಾಗುತ್ತದೆ ಎಂಬುದು ಅವರ ವಾದ. ಒಬ್ಬ ಬಂಧುಗಳಂತೂ ವಾಚನಾಲಯದಲ್ಲಿ ಹತ್ತು ಜನರ ಎದುರಿಗೇ, ಸಾವಿರ ಕೋಟಿ ಗಳಿಸಿದ ಚಿತ್ರವನ್ನು ಆಡಿಕೊಳ್ಳಲು ನೀವು ಯಾರು ಎಂದು ಕೇಳಿದರು. ನಾವು ಟಿಕೀಟು ಕೊಂಡವರು, ಸ್ವಾಮಿ! ಊರಿಗೆ ಕಳಿಸಬೇಕಾದ ಹಣದಲ್ಲಿ ಕೈಯಿಟ್ಟು, ವಾರಕ್ಕೊಂದೇ ಸಿಗುವ ರಜೆಯನ್ನು ಕಳೆದು, ಲೋಕಲಿನಲ್ಲಿ ನಿಂತುಕೊಂಡು ಹೋಗಿ ನೋಡಿ ಬಂದವರು. ಇಡ್ಲಿ ಹಳಸಿದ್ದರೆ ಅದು ಉಡುಪಿ ಹೋಟೆಲಿನ ಇಡ್ಲಿಯೆಂಬ ಅಭಿಮಾನದಿಂದ ಯಾರಾದರೂ ನುಂಗುತ್ತಾರೆಯೆ? ಗಿರಾಕಿ ತಟ್ಟೆ ತಳ್ಳುತ್ತಾನೆ, ನಾವು ತಲೆ ತಗ್ಗಿಸಿ ಬೇರೆ ತಂದಿಡುತ್ತೇವೆ. ಚಿತ್ರಕ್ಕೆ ಮಾತ್ರ ಬೇರೆ ನ್ಯಾಯವೇಕೆ?

ಸಾವಿರ ಕೋಟಿಯ ಮಾತು ಬಂದುದರಿಂದ ಅಲ್ಲಿಂದಲೇ ಆರಂಭಿಸೋಣ. ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಮೊದಲ ಭಾಗ 2018ರಲ್ಲಿ, ಎರಡನೆಯದು 2022ರ ಏಪ್ರಿಲಿನಲ್ಲಿ ಬಂದವು. ಕನ್ನಡದ ಹೆಸರು ದೇಶವೆಲ್ಲ ಕೇಳಿತು, ನಮಗೂ ಎದೆಯುಬ್ಬಿತು, ಸುಳ್ಳು ಹೇಳಲಾರೆವು. ಯಶ್ ಅವರ ಗತ್ತಿಗೆ ನಮ್ಮ ಹುಡುಗರು ಸೀಟಿ ಹೊಡೆದರು, ನಾವೂ ಹೊಡೆದೆವು. ಆದರೆ ಮನೆಗೆ ಬಂದು ಯೋಚಿಸಿದಾಗ ಏನು ಉಳಿಯಿತು? ಕಥಾನಾಯಕ ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಬೂಟು ಪಾಲಿಶು ಮಾಡುತ್ತಾನೆ. ಅಲ್ಲಿಯವರೆಗೆ ಅವನು ನಮ್ಮವನೇ. ಹಾಗೆ ಬಂದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆದರೆ ನಮ್ಮವರು ಹಗಲು ಕಪ್ಪು-ಬಶಿ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತರು. ಇವನು ಸುತ್ತಿಗೆ ಹಿಡಿದು ಊರನ್ನೇ ಬಗ್ಗಿಸಿದ. ಹೋಗಲಿ, ಕಥೆಯೆಂದರೆ ಕಥೆ.

ನಮ್ಮ ತಕರಾರು ಬೇರೆ. ಚಿತ್ರದ ಹೆಸರು ಕೋಲಾರದ ಚಿನ್ನದ ಗಣಿಯದು. ಆ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪೆನಿ ತೋಡಿಸಿತು. ಚಾಂಪಿಯನ್ ರೀಫಿನಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡು ಸತ್ತರು. ಅವರಲ್ಲಿ ಬಹುಮಂದಿ ತಮಿಳು ನಾಡಿನಿಂದ ಬಂದ ದಲಿತರು. 1930ರಲ್ಲಿ ಕಂಪೆನಿ ಎಲ್ಲರ ಬೆರಳಚ್ಚು ತೆಗೆಯಲು ಹೊರಟಾಗ, ನಾವೇನು ಕಳ್ಳರೇ ಎಂದು ಅವರು ಕೆಲಸ ನಿಲ್ಲಿಸಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಅವರ ಮನೆಗಳ ಒಲೆ ಆರಿತು. ಆ ಜನ ಚಿತ್ರದಲ್ಲಿ ಎಲ್ಲಿದ್ದಾರೆ? ಚಿತ್ರದ ಗಣಿಯಲ್ಲಿರುವವರು ಗುಲಾಮರು. ಮೈಗೆ ಮಸಿ ಬಳಿದುಕೊಂಡು, ಬಾಯಿ ಬಿಡದೆ, ತಮ್ಮನ್ನು ಬಿಡಿಸಲು ಒಬ್ಬ ಶೂರ ಬರಲೆಂದು ಕಾಯುವ ಗುಂಪು. ನಿಜವಾದ ಕಾರ್ಮಿಕ ಬೆರಳು ಕೊಡಲು ಒಪ್ಪಲಿಲ್ಲ. ಚಿತ್ರದ ಕಾರ್ಮಿಕನಿಗೆ ಬೆರಳೆತ್ತುವ ಧೈರ್ಯವೂ ಇಲ್ಲ. ಕಾರ್ಮಿಕ ಸಂಘದ ಪತ್ರಿಕೆ ಇದನ್ನು ಹೇಳದಿದ್ದರೆ ಇನ್ನಾರು ಹೇಳಬೇಕು?

ಆ ಯಶಸ್ಸಿನ ನೆರಳಿನಲ್ಲಿ ಬಂದ ಚಿತ್ರಗಳ ಮಾತು ಬೇಡವೇ ಬೇಡ. 2023ರ ‘ಕಬ್ಜ’ ನೋಡಲು ನಾವು ಆರು ಮಂದಿ ಹೋಗಿದ್ದೆವು. ಉಪೇಂದ್ರ, ಸುದೀಪ್, ಶಿವರಾಜಕುಮಾರ್ ಮೂವರೂ ಇದ್ದಾರೆಂದು ಆಸೆಯಿಂದ ಕುಳಿತೆವು. ಅದೇ ಹೊಗೆ, ಅದೇ ಕತ್ತಲೆ, ಅದೇ ತುಪಾಕಿ. ಆರರಲ್ಲಿ ಇಬ್ಬರು ನಿದ್ದೆ ಹೋದರು. ಅಷ್ಟು ಸದ್ದಿನಲ್ಲಿಯೂ ನಿದ್ದೆ ಬರಬೇಕಾದರೆ ಹಿಂದಿನ ರಾತ್ರಿಯ ಪಾಳಿಯೇ ಕಾರಣವೆಂದು ನಿರ್ಮಾಪಕರ ಪರವಾಗಿ ಬೇಕಾದರೆ ವಾದಿಸಬಹುದು.

ಈಗ ಸಂತೋಷದ ಮಾತು. 2022ರ ‘ಕಾಂತಾರ’ದಷ್ಟು ನಮ್ಮನ್ನು ಅಲ್ಲಾಡಿಸಿದ ಚಿತ್ರ ಇತ್ತೀಚೆಗೆ ಬಂದಿಲ್ಲ. ಕುಂದಾಪುರದ ಮಾತು ಮುಂಬಯಿಯ ದೊಡ್ಡ ಪರದೆಯ ಮೇಲೆ ಕೇಳಿದಾಗ ನಮ್ಮಲ್ಲಿ ಒಬ್ಬರು, ಮೂವತ್ತು ವರ್ಷ ಗಲ್ಲೆಯ ಹಿಂದೆ ಕುಳಿತವರು, ಬಿಕ್ಕಿ ಬಿಕ್ಕಿ ಅತ್ತರು. ರಿಷಬ್ ಶೆಟ್ಟರಿಗೆ ರಾಷ್ಟ್ರಪ್ರಶಸ್ತಿ ಬಂದುದು ನ್ಯಾಯವೇ. ಆದರೂ ಎರಡು ಮಾತು ಆಡಲೇಬೇಕು. ನಾಯಕ ಲೀಲಾಳ ಸೊಂಟ ಚಿವುಟುವುದನ್ನು ಪ್ರೇಮವೆಂದು ತೋರಿಸಿದ್ದು ನಮ್ಮ ಸಂಘದ ಸೋದರಿಯರಿಗೆ ಹಿಡಿಸಲಿಲ್ಲ, ನಮಗೂ ಹಿಡಿಸಲಿಲ್ಲ. ಎರಡನೆಯದು ಭೂಮಿಯ ಪ್ರಶ್ನೆ. ಕಥೆ 1847ರಲ್ಲಿ ಆರಂಭವಾಗಿ, 1970ಕ್ಕೆ ಬಂದು, ಅಲ್ಲಿಂದ 1990ಕ್ಕೆ ಹಾರುತ್ತದೆ. ನಡುವೆ 1974 ಎಂಬ ಇಸವಿಯೊಂದಿತ್ತಲ್ಲ! ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯಿದೆಯಡಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು, ಭೂನ್ಯಾಯಮಂಡಲಿಯ ಮುಂದೆ ನಿಂತು, ಧನಿಗಳ ಮುಖ ನೋಡಿಕೊಂಡೇ ಗೇಣಿ ಭೂಮಿಯನ್ನು ತಮ್ಮದಾಗಿಸಿಕೊಂಡ ಕಾಲ ಅದು. ಡಿಕ್ಲರೇಷನ್ ಕೊಡಲು ಅಂಜಿ, ಭೂಮಿ ಕಳೆದುಕೊಂಡು, ಬಸ್ಸು ಹತ್ತಿ ಮುಂಬಯಿಗೆ ಬಂದವರ ಮಕ್ಕಳು ನಮ್ಮ ಸಂಘದಲ್ಲೇ ಇದ್ದಾರೆ. ಭೂಮಿಯ ಕಥೆ ಹೇಳುವ ಚಿತ್ರದಲ್ಲಿ ಆ ಹೋರಾಟಕ್ಕೆ ಇರಬೇಕಾದ ತೂಕ ಸಿಗಲಿಲ್ಲ. ದೈವ ಅಭಯ ಕೊಟ್ಟಿತು, ಸರಿ. ಆದರೆ ಪಹಣಿಯಲ್ಲಿ ಹೆಸರು ಬರೆಸಿದ್ದು ಒಕ್ಕಲಿನ ಧೈರ್ಯ.

2025ರ ಅಕ್ಟೋಬರ 2ರಂದು ಬಂದ ‘ಕಾಂತಾರ ಅಧ್ಯಾಯ 1’ರಲ್ಲಿ ಆ ತೂಕ ಬಂದೀತೆಂದು ಕಾದಿದ್ದೆವು. ಕದಂಬರ ಕಾಲಕ್ಕೆ ಹೋದರು. ರಾಜ, ರಾಜಕುಮಾರಿ, ರಥ, ಯುದ್ಧ ಎಲ್ಲವೂ ಬಂದವು. ಕಣ್ಣಿಗೆ ಹಬ್ಬ, ಅಹುದು. ಮೊದಲ ಚಿತ್ರದ ಹಟ್ಟಿ, ಕಂಬಳದ ಗದ್ದೆ, ಹೊಲಸು ಬೈಗಳು, ಮೀನು ಸಾರಿನ ವಾಸನೆ ಎಲ್ಲಿ ಹೋದವೋ ತಿಳಿಯಲಿಲ್ಲ. ಖರ್ಚು ಹೆಚ್ಚಿದಷ್ಟೂ ಊರು ಚಿಕ್ಕದಾಯಿತೆಂದೇ ನಮಗೆ ತೋರಿತು.

ಇದಕ್ಕೆ ಉತ್ತರವೋ ಎಂಬಂತೆ ಅದೇ ವರ್ಷ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂದಿತ್ತು. ಜೆ.ಪಿ. ತುಮಿನಾಡ್ ನಿರ್ದೇಶನ, ರಾಜ್ ಬಿ. ಶೆಟ್ಟಿಯವರ ನಿರ್ಮಾಣ. ದೊಡ್ಡ ತಾರೆಯಿಲ್ಲ, ಜಾಹೀರಾತಿನ ಅಬ್ಬರವಿಲ್ಲ. ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಳೆಂದು ಊರಿಗೆ ಊರೇ ನಂಬುವ ಕಥೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತಲೇ ಚಿತ್ರ ಗಂಡನಿಲ್ಲದ ಹೆಣ್ಣೊಬ್ಬಳ ಕಷ್ಟದ ಬಾಗಿಲಿಗೆ ನಮ್ಮನ್ನು ತಂದು ನಿಲ್ಲಿಸಿದಾಗ ಥಿಯೇಟರು ತಣ್ಣಗಾಯಿತು. ಅದರಲ್ಲಿ ಕಂಡವರೆಲ್ಲ ನಮ್ಮ ನೆರೆಹೊರೆಯವರೇ. ಓದುಗರೇ ಕೂಡಿ ಹಣ ಹಾಕಿ ತೇಜಸ್ವಿಯವರ ಕಥೆಯನ್ನು 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಎಂದು ತೆರೆಗೆ ತಂದದ್ದೂ ಇಂಥದೇ ಸಂತೋಷ. ಸಹಕಾರ ಸಂಘದಿಂದ ಅಕ್ಕಿ ಮಾತ್ರವಲ್ಲ, ಚಿತ್ರವೂ ಬರಬಹುದೆಂದಾಯಿತು.

ಆದರೆ ನಮ್ಮನ್ನು ಮಾತಿಲ್ಲದಂತೆ ಮಾಡಿದ್ದು ಉತ್ಸವ್ ಗೋನವಾರ ಅವರ ‘ಫೋಟೋ’. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ನೋಡಿಬಂದೆವು. ರಾಯಚೂರು ಕಡೆಯ ಹುಡುಗ. ತಂದೆ ಬೆಂಗಳೂರಿನಲ್ಲಿ ಕಟ್ಟಡದ ಕೂಲಿ. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಹುಡುಗನ ಹಟ. ಅಷ್ಟರಲ್ಲಿ 2020ರ ಲಾಕ್‌ಡೌನು. ತಂದೆ ಮಗ ಊರಿನತ್ತ ನಡೆಯುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. ನೋಡುವಾಗ ನಮ್ಮ ಕಣ್ಣ ಮುಂದಿದ್ದದ್ದು ಅದೇ ವರ್ಷದ ಮುಂಬಯಿ: ಹೋಟೆಲುಗಳ ಶಟರು ಇಳಿದಿದ್ದವು, ಹೋಟೆಲಿನಲ್ಲೇ ಉಂಡು ಅಲ್ಲೇ ಮಲಗುವ ಹುಡುಗರಿಗೆ ಅನ್ನವೂ ಇಲ್ಲ, ನೆಲೆಯೂ ಇಲ್ಲ. ಊರಿಗಾದರೂ ಹೋಗೋಣವೆಂದರೆ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ಗಡಿಯನ್ನೇ ಮುಚ್ಚಿತು. ಊರಿನವರು ನಮ್ಮನ್ನು ಮನುಷ್ಯರೆನ್ನದೆ ರೋಗವೆಂದು ಕಂಡ ದಿನಗಳವು. ಆ ಕಥೆಯನ್ನು ಯಾರೂ ತೆಗೆದಿಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಚಿತ್ತಾಲರ ‘ಶಿಕಾರಿ’, ಜಯಂತ ಕಾಯ್ಕಿಣಿಯವರ ಕಥೆಗಳು ಹುಟ್ಟಿದ ಊರು ಇದು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರು ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನು ಕಟ್ಟಿ ನಿಲ್ಲಿಸಿದ ಊರು ಇದು. ನಿರ್ಮಾಪಕ ಮಹಾಶಯರಿಗೆ ಮಾತ್ರ ಮುಂಬಯಿಯೆಂದರೆ ಚಿನ್ನ ಕದಿಯುವವರ ಬಂದರು!

ಇನ್ನು ಚಿತ್ರ ನೋಡುವುದಾದರೂ ಹೇಗೆ? ‘ಕಾಂತಾರ ಅಧ್ಯಾಯ 1’ಕ್ಕೆ ನಾವು ಹೋದ ಉಪನಗರದ ಮಾಲಿನಲ್ಲಿ ಹಿಂದಿಯ ಆಟ ದಿನಕ್ಕೆ ಎಂಟು, ಕನ್ನಡದ್ದು ಒಂದೇ, ಅದೂ ರಾತ್ರಿ ಹತ್ತೂ ಮುಕ್ಕಾಲಿಗೆ. ಆಟ ಮುಗಿದು ಹೊರಬಂದಾಗ ಕೊನೆಯ ಲೋಕಲು ಹೋಗಿತ್ತು. ಟಿಕೀಟಿಗೆ 380 ರೂಪಾಯಿ, ರಿಕ್ಷಾಕ್ಕೆ ಅದರ ಅರ್ಧ. ಕರ್ನಾಟಕ ಸರಕಾರ 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಲ್ಲಿಯೇ ಹಾಗಾದರೆ ಇಲ್ಲಿ ನಮ್ಮ ಕೂಗು ಕೇಳುವವರಾರು?

1960ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಡಬ್ಬಿಂಗ್ ಚಿತ್ರಗಳ ವಿರುದ್ಧ ಬೀದಿಗಿಳಿದರು. ಕನ್ನಡ ಪರದೆಯ ಮೇಲೆ ಪರಭಾಷೆಯ ನಟನ ಬಾಯಿಗೆ ಕನ್ನಡ ಅಂಟಿಸಬಾರದೆಂಬ ನಿರ್ಬಂಧ ದಶಕಗಳ ಕಾಲ ನಡೆಯಿತು. ಈಗ ನೋಡಿ, ನಮ್ಮದೇ ನಟನ ಬಾಯಿಗೆ ಹಿಂದಿ ಅಂಟಿಸಿ ನಮಗೇ ಮಾರುತ್ತಿದ್ದಾರೆ. ಕೊಳ್ಳುತ್ತಿರುವವರು ಯಾರು? ನಾವೇ. ಹೊತ್ತು ಹೊಂದುತ್ತದೆಂದು ಹಿಂದಿಯ ಆಟಕ್ಕೆ ಹೋಗಿ, ಕುಂದಾಪುರದ ಗಂಡಸು ಹಿಂದಿಯಲ್ಲಿ ಗದರುವುದನ್ನು ಕೇಳಿ ಬರುತ್ತೇವೆ. ಮಾಟುಂಗಾದ ಅರೋರಾ ಥಿಯೇಟರು ದಶಕಗಳ ಕಾಲ ತಮಿಳು ಚಿತ್ರಗಳ ನೆಲೆಯೆಂದು ಹೆಸರು ಪಡೆಯಿತು. ತಮಿಳು ಬಂಧುಗಳು ತಮ್ಮ ಭಾಷೆಯಲ್ಲೇ ಬೇಕೆಂದರು, ಮುಂಜಾನೆಯೇ ಸಾಲು ನಿಂತರು. ಅದೇ ಮಾಟುಂಗಾದಲ್ಲಿ ಕನ್ನಡ ಸಂಘಗಳಿಗೆ ಕೊರತೆಯೆ? ನಾವು ಸನ್ಮಾನದ ಹಾರಕ್ಕೆ ಕೂಡುತ್ತೇವೆ, ಒಂದು ಆಟಕ್ಕೆ ಕೂಡುವುದಿಲ್ಲ.

ಆದ್ದರಿಂದ ತೆಗಳಬೇಡಿ ಎನ್ನುವ ಬಂಧುಗಳಲ್ಲಿ ನಮ್ಮ ಬಿನ್ನಹ: ನಿಮ್ಮ ಅಭಿಮಾನವನ್ನು ಈ ಕೆಲಸಕ್ಕೆ ಹಚ್ಚಿರಿ. ಥಿಯೇಟರಿನವರು ಸಾಕಷ್ಟು ಜನ ಮೊದಲೇ ಹಣ ಕಟ್ಟಿದರೆ ಬೇಕಾದ ಹೊತ್ತಿಗೆ ಬೇಕಾದ ಭಾಷೆಯ ಆಟ ಹಾಕಿ ಕೊಡುತ್ತಾರೆ, ವಿಚಾರಿಸಿ ಬಂದಿದ್ದೇವೆ. ಹೋಟೆಲು, ಕ್ಯಾಂಟೀನು, ಕಾರಖಾನೆಗಳ ಸದಸ್ಯರು ತಮ್ಮ ವಾರದ ರಜೆ ಯಾವ ದಿನ, ಪಾಳಿ ಎಷ್ಟಕ್ಕೆ ಬಿಡುತ್ತದೆ ಎಂಬುದನ್ನು ವಾಚನಾಲಯದ ಮೇಜಿನ ಮೇಲಿಟ್ಟಿರುವ ಪುಸ್ತಕದಲ್ಲಿ ತಿಂಗಳ ಕೊನೆಯೊಳಗೆ ಬರೆಯತಕ್ಕದ್ದು. ಯಾವ ಚಿತ್ರ ಬೇಕೆಂಬುದನ್ನೂ ಬರೆಯಿರಿ. ನೋಡಿ ಬಂದ ಮೇಲೆ ಹಿಡಿಸದಿದ್ದರೆ ಏಕೆ ಹಿಡಿಸಲಿಲ್ಲವೆಂದು ಬರೆದು ಕೊಡಿ, ಅಚ್ಚು ಹಾಕುತ್ತೇವೆ.