ಲಂಕೇಶರನ್ನು ಹೊಗಳುವವರಿಗೆ ನಮ್ಮದೊಂದು ಪ್ರಶ್ನೆ

ಪಿ. ಲಂಕೇಶರ ಹೆಸರಿನಲ್ಲಿ ಸಭೆ ಮಾಡಿ ಹಾರ ಹಾಕುವುದು ಈಗ ಸುಲಭದ ಕೆಲಸವಾಗಿದೆ. ಅವರು ೧೯೩೫ರ ಮಾರ್ಚಿ ೮ರಂದು ನಮ್ಮ ಕೊನಗವಳ್ಳಿಯಲ್ಲಿ ಹುಟ್ಟಿದರು. ಆದ್ದರಿಂದ ‘ಅವರು ನಮ್ಮವರು’ ಎಂದು ಹೇಳಿಕೊಳ್ಳಲು ಯಾವ ಪಕ್ಷದವರಿಗೂ ಸಂಕೋಚವಿಲ್ಲ. ಸತ್ತವರು ಎದ್ದು ಬಂದು ಟೀಕೆ ಬರೆಯುವುದಿಲ್ಲವಲ್ಲ! ಈ ಮಹನೀಯರಿಗೆ ನಮ್ಮದು ಒಂದೇ ಪ್ರಶ್ನೆ. ಲಂಕೇಶರು ಮಾಡಿದ ಕೆಲಸವನ್ನು ಇಂದು ಒಬ್ಬ ಬಡ ಪತ್ರಕರ್ತನು ಸೋಗಾನೆಯಲ್ಲೋ ಭದ್ರಾವತಿಯಲ್ಲೋ ನಿಂತು ಮಾಡಿದರೆ ನೀವು ಅವನನ್ನು ಸಹಿಸುವಿರಾ?

ಆ ಕೆಲಸ ಯಾವುದೆಂದು ಮೊದಲು ನೋಡೋಣ. ಲಂಕೇಶರು ಇಂಗ್ಲಿಷ್ ಮೇಷ್ಟರಾಗಿದ್ದವರು. ಕತೆ, ನಾಟಕ ಬರೆದರು. ೧೯೭೬ರ ‘ಪಲ್ಲವಿ’ ಚಿತ್ರಕ್ಕೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. ಸಂಬಳದ ಕೆಲಸವಿತ್ತು, ಕೀರ್ತಿಯಿತ್ತು. ಸುಮ್ಮನಿದ್ದಿದ್ದರೆ ಪಿಂಚಣಿಯೂ ಬರುತ್ತಿತ್ತು. ಅದನ್ನೆಲ್ಲ ಬಿಟ್ಟು ೧೯೮೦ರ ಜುಲೈಯಲ್ಲಿ ‘ಲಂಕೇಶ್ ಪತ್ರಿಕೆ’ ಎಂಬ ವಾರಪತ್ರಿಕೆ ಹೊರಡಿಸಿದರು. ಒಂದು ಜಾಹೀರಾತನ್ನೂ ತೆಗೆದುಕೊಳ್ಳುವುದಿಲ್ಲವೆಂದು ನಿಶ್ಚಯಿಸಿದರು. ೨೦೦೦ದ ಜನವರಿ ೨೫ರಂದು ಕಣ್ಣು ಮುಚ್ಚುವವರೆಗೆ, ಹತ್ತೊಂಬತ್ತೂವರೆ ವರ್ಷ, ಆ ಮಾತಿಗೆ ನಿಂತರು.

ಇದು ಸಣ್ಣ ಮಾತಲ್ಲ. ಏಕೆಂಬುದನ್ನು ಲೆಕ್ಕ ಹಾಕಿ ತಿಳಿಯಬೇಕು. ದೊಡ್ಡ ಪತ್ರಿಕೆಯೊಂದಕ್ಕೆ ನೀವು ಕೊಡುವ ಹಣದಲ್ಲಿ ಅದರ ಕಾಗದದ ಖರ್ಚು ಹುಟ್ಟುವುದೂ ಕಷ್ಟ. ಉಳಿದುದನ್ನು ಕೊಡುವವನು ಜಾಹೀರಾತುದಾರ: ಸರ್ಕಾರ, ಲೇಔಟು ಮಾಡುವ ಧಣಿ, ಸೋಪಿನ ಕಂಪೆನಿ. ಸೋಪಿನವನು ಆ ಹಣವನ್ನು ತನ್ನ ಮನೆಯಿಂದ ತರುತ್ತಾನೆಯೇ? ಸೋಪಿನ ಬೆಲೆಯಲ್ಲಿ ಸೇರಿಸುತ್ತಾನೆ. ಸರ್ಕಾರ ತರುವುದು ನಿಮ್ಮ ತೆರಿಗೆಯಿಂದ. ಅಂದರೆ ಪತ್ರಿಕೆಯ ಪೂರ್ತಿ ಖರ್ಚು ಹೊರುವವರು ಗಿರಣಿಯ ಕೂಲಿಕಾರ ಮತ್ತು ಬೀದಿಯ ಅಂಗಡಿಯವ. ಪತ್ರಿಕೆ ಹೆದರುವುದು ಮಾತ್ರ ನಡುವೆ ನಿಂತು ಹಣ ದಾಟಿಸುವವನಿಗೆ! ಲಂಕೇಶರು ಈ ನಡುವಿನವನನ್ನು ತೆಗೆದುಹಾಕಿದರು. ಓದುಗನೇ ಧಣಿಯಾದ.

ಫಲವೇನಾಯಿತು? ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಅವರ ದರ್ಬಾರಿನ ವಿರುದ್ಧ ವಾರ ವಾರವೂ ಬರೆಯುವುದು ಸಾಧ್ಯವಾಯಿತು. ೧೯೮೩ರಲ್ಲಿ ಆ ಸರ್ಕಾರ ಬಿದ್ದುದಕ್ಕೆ ಪತ್ರಿಕೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ೧೯೮೦ರ ನರಗುಂದ–ನವಲಗುಂದದ ರೈತರು, ೧೯೮೦–೮೧ರಲ್ಲಿ ಬೆಂಗಳೂರಿನ ಸಾರ್ವಜನಿಕ ರಂಗದ ಕಾರ್ಖಾನೆಗಳಲ್ಲಿ ದೀರ್ಘ ಮುಷ್ಕರ ಹೂಡಿದ ಕಾರ್ಮಿಕರು, ದಲಿತ ಚಳವಳಿಯವರು, ಇವರೆಲ್ಲ ಅದನ್ನು ಅಲುಗಿಸಿದರು. ಅವರ ಮಾತನ್ನು ಹಳ್ಳಿಯ ಹೋಟೆಲಿನ ಬೆಂಚಿನವರೆಗೆ ಒಯ್ದವುಗಳಲ್ಲಿ ಆ ಪತ್ರಿಕೆ ಮುಂದಿತ್ತು. ಸಾರಾ ಅಬೂಬಕ್ಕರರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿಯೇ. ೨೦೨೫ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಹಾಸನದ ಬಾನು ಮುಷ್ತಾಕರು ವರದಿಗಾರ್ತಿಯಾಗಿ ದುಡಿದದ್ದೂ ಅಲ್ಲಿಯೇ.

ಲಂಕೇಶರನ್ನು ದೇವರು ಮಾಡುವುದು ನಮ್ಮ ಉದ್ದೇಶವಲ್ಲ. ಅವರ ಲೇಖನಿ ಎಷ್ಟೋ ಸಲ ವ್ಯಕ್ತಿಯನ್ನು ಚುಚ್ಚುವುದರಲ್ಲಿಯೇ ಸುಖ ಕಂಡಿತು. ಪ್ರಗತಿರಂಗವೆಂಬ ಪಕ್ಷ ಕಟ್ಟಲು ಹೋಗಿ ಕೈ ಸುಟ್ಟುಕೊಂಡರು. ಬರೆಯುವುದು ಬೇರೆ, ಜನರನ್ನು ಸಂಘಟಿಸುವುದು ಬೇರೆ. ಆದರೆ ಒಂದು ತಪ್ಪು ನಮ್ಮದೂ ಇದೆ, ಅದನ್ನು ಮುಚ್ಚಿಡಲಾರೆವು. ಕಾಂಗ್ರೆಸ್ಸನ್ನು ಬೈದಾಗ ನಾವು ಚಪ್ಪಾಳೆ ತಟ್ಟಿದೆವು. ೧೯೬೭ರಲ್ಲಿ ಸಮಾಜವಾದಿಯಾಗಿ ವಿಧಾನಸಭೆಗೆ ಹೋದ, ೧೯೯೦ರಲ್ಲಿ ಮುಖ್ಯಮಂತ್ರಿಯಾದ ನಮ್ಮ ಜಿಲ್ಲೆಯ ಬಂಗಾರಪ್ಪನವರನ್ನು ಅದೇ ಲೇಖನಿ ಟೀಕಿಸಿದಾಗ ನಮ್ಮವರಲ್ಲಿಯೇ ಹಲವರ ಮುಖ ಸಪ್ಪಗಾಯಿತು. ತಮ್ಮವರ ಮೇಲಿನ ಟೀಕೆಯನ್ನು ತಾಳಲಾರದವರು ಪತ್ರಿಕಾ ಸ್ವಾತಂತ್ರ್ಯದ ಮಾತು ಆಡಬಾರದು.

ಈಗ ಸೋಗಾನೆಗೆ ಬರೋಣ. ೨೦೨೩ರ ಫೆಬ್ರವರಿ ೨೭ರಂದು ಅಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣವನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ರನ್‌ವೇ ೩,೨೦೦ ಮೀಟರು ಉದ್ದವೆಂಬುದು ಶಾಲೆಯ ಹುಡುಗರಿಗೂ ಗೊತ್ತಾಯಿತು. ಆ ನೆಲವನ್ನು ಉಳುತ್ತಿದ್ದವರಿಗೆ ಸಿಕ್ಕಿದ್ದೇನು, ಸಿಗಬೇಕಾಗಿದ್ದುದೇನು ಎಂಬುದು ಎಷ್ಟು ಮಂದಿಗೆ ಗೊತ್ತು? ಅದಕ್ಕೆ ಒಂದು ತಿಂಗಳ ಹಿಂದೆ, ಅದೇ ಜನವರಿಯಲ್ಲಿ, ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಸೈಲ್ ಮಾಡಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಆ ಎರಡು ತಿಂಗಳ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆದು, ವಿಮಾನಕ್ಕೆಷ್ಟು ಅಂಗುಲ, ಕೂಲಿಗೆಷ್ಟು ಅಂಗುಲ ಎಂದು ನೀವೇ ಅಳೆಯಿರಿ. ಹಾಗೆಯೇ ಶುಭಾಶಯದ ಜಾಹೀರಾತುಗಳನ್ನೂ ಎಣಿಸಿರಿ.

ಇನ್ನೊಂದು ಸಂಗತಿ. ಪತ್ರಿಕೆಗಳು ಅಚ್ಚಾಗುವ ಕಾಗದವನ್ನೇ ಮಾಡುತ್ತಿದ್ದ ಊರು ಭದ್ರಾವತಿ. ಅಲ್ಲಿಯ ಮೈಸೂರು ಕಾಗದ ಕಾರ್ಖಾನೆಯ ನ್ಯೂಸ್‌ಪ್ರಿಂಟು ನಾಡಿನ ಎಷ್ಟೋ ಪತ್ರಿಕೆಗಳ ಮೈಯಾಗಿತ್ತು. ೨೦೧೫–೧೬ರ ಹೊತ್ತಿಗೆ ಅದರ ಯಂತ್ರಗಳು ನಿಂತವು. ತಮಗೆ ಕಾಗದ ಕೊಟ್ಟ ಕೈಗಳು ಬರಿದಾದಾಗ ಎಷ್ಟು ಸಂಪಾದಕರು ದನಿಯೆತ್ತಿದರು?

‘ಜಾಹೀರಾತಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ಇದು ಕನಸು’ ಎಂದು ಬುದ್ಧಿವಂತರು ಹೇಳುತ್ತಾರೆ. ಹತ್ತೊಂಬತ್ತೂವರೆ ವರ್ಷ ನಡೆದುದು ಕನಸೇ? ‘ಲಂಕೇಶರಂಥವರು ಮತ್ತೆ ಹುಟ್ಟುವುದಿಲ್ಲ’ ಎಂದು ಇನ್ನು ಕೆಲವರು ನಿಟ್ಟುಸಿರು ಬಿಡುತ್ತಾರೆ. ಇದು ಗೌರವವಲ್ಲ, ನುಣುಚಿಕೊಳ್ಳುವ ಉಪಾಯ. ಅವರ ಮಗಳು ಗೌರಿ ೨೦೦೫ರಿಂದ ತಮ್ಮದೇ ವಾರಪತ್ರಿಕೆ ನಡೆಸಿದರು, ಅವರೂ ಜಾಹೀರಾತಿಗೆ ಕೈಚಾಚಲಿಲ್ಲ. ೨೦೧೭ರ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಅಂಥವರು ಹುಟ್ಟುತ್ತಾರೆ. ಅವರನ್ನು ಉಳಿಸಿಕೊಳ್ಳುವ ಜನ ಸಾಲದು, ಅಷ್ಟೆ.

ಕಾರ್ಮಿಕ ಬಂಧುಗಳೇ, ಅಂಗಡಿಯ ಮಿತ್ರರೇ, ಲಂಕೇಶರ ಪತ್ರಿಕೆಯನ್ನು ನಡೆಸಿದ್ದು ಯಾವ ಶ್ರೀಮಂತನೂ ಅಲ್ಲ. ವಾರಕ್ಕೊಮ್ಮೆ ಜೇಬಿನಿಂದ ಚಿಲ್ಲರೆ ತೆಗೆದ ನಿಮ್ಮಂಥವರು. ಪುಕ್ಕಟೆ ಓದಿದ ಸುದ್ದಿಗೆ ಬೆಲೆ ತೆರುವವರು ಕೊನೆಗೆ ನೀವೇ. ನಿಮ್ಮ ಪರವಾಗಿ ಬರೆಯುವ ಪತ್ರಿಕೆಗೆ, ಅದು ನಮ್ಮದೇ ಆಗಿರಬೇಕೆಂದಿಲ್ಲ, ಚಂದಾ ಕೊಡಿ. ನಿಮ್ಮ ಸಂಘದ ಮುಖಂಡನ ತಪ್ಪನ್ನು ಅದು ಬರೆದ ದಿನ ಚಂದಾ ನಿಲ್ಲಿಸಬೇಡಿ. ಲಂಕೇಶರ ಪಟಕ್ಕೆ ಹಾಕುವ ಹಾರಕ್ಕಿಂತ ಅದು ದೊಡ್ಡ ಗೌರವ. ನಮ್ಮನ್ನೂ ಅದೇ ಅಳತೆಯಿಂದ ಅಳೆಯಿರಿ.